ಬಿಚ್ಚಿ ಹೊಲಿದ ಮಳೆಗಾಲ

ಹೋದ ತಿಂಗಳು ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬರುವಾಗ ಹೊಸಕೋಟೆಯ ಬಸ್ ನಿಲ್ದಾಣದಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡೆ. ಓಡಿಹೋಗಿ ನಿಂತದ್ದು ಚಪ್ಪಲಿ ಹೊಲಿಯುವವರೊಬ್ಬರ ದೊಡ್ಡ ಕೊಡೆಯ ಕೆಳಗೆ. ಅವರು ದಾರಕ್ಕೆ ಜೇನುಮೇಣ ಉಜ್ಜುತ್ತಿದ್ದರು. ಒದ್ದೆ ಚರ್ಮ, ಮೇಣ, ಅಂಟು ಎಲ್ಲ ಸೇರಿದ ಆ ವಾಸನೆಗೆ ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಇನ್ನೊಂದು ಹೆಜ್ಜೆ ಹತ್ತಿರ ಸರಿದೆ. ನಾನು ಹತ್ತಬೇಕಿದ್ದ ದೇವನಹಳ್ಳಿಯ ಬಸ್ಸು ಬಂದು ಹೋಯಿತು, ಹತ್ತಲಿಲ್ಲ. ಮನಸ್ಸು ಆಗಲೇ ಬಾಶೆಟ್ಟಿಹಳ್ಳಿಯ ಒಂದು ಶೀಟಿನ ಶೆಡ್ಡಿಗೆ ಹೋಗಿ ಕೂತಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಆಗ ನನಗೆ ಮೂವತ್ತೆಂಟು. ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಚೆಕಿಂಗ್ ಕೆಲಸ ಮಾಡಿದ್ದೆ. ಹೊಲಿದು ಬಂದ ಅಂಗಿಯನ್ನು ಬೆಳಕಿಗೆ ಹಿಡಿಯಬೇಕು, ಹೊಲಿಗೆ ಜಾರಿದ್ದರೆ, ಕಾಲರ್ ಸೊಟ್ಟಗಿದ್ದರೆ, ಆ ಜಾಗಕ್ಕೆ ಬಾಣದ ಗುರುತಿನ ಕೆಂಪು ಸ್ಟಿಕರ್ ಅಂಟಿಸಿ ಪಕ್ಕಕ್ಕೆ ಎಸೆಯಬೇಕು. ಆಮೇಲೆ ಆ ಅಂಗಿ ಏನಾಗುತ್ತಿತ್ತೋ ನನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ತಪ್ಪು ಹುಡುಕುವುದರಲ್ಲಿ ನನ್ನಷ್ಟು ಚುರುಕು ಆ ಲೈನಿನಲ್ಲಿ ಯಾರೂ ಇರಲಿಲ್ಲ. ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಕಂಪನಿಯವರು ಯೂನಿಟ್ ಮುಚ್ಚಿ, ಮಿಷನ್ನುಗಳನ್ನು ಲಾರಿಗೆ ಹೇರಿಕೊಂಡು ಬೇರೆ ಊರಿಗೆ ಹೋದರು. ಬೇರೆ ಗಾರ್ಮೆಂಟ್ಸುಗಳಲ್ಲಿ ಕೇಳಿದರೆ ವಯಸ್ಸು ಜಾಸ್ತಿಯಾಯಿತು ಅಂದರು.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ನಡುಮನೆಯ ಹಿಂದೆಯೇ ಎರಡು ಪವರ್‌ಲೂಮು. ನನ್ನ ಗಂಡ ಶ್ರೀಧರ ಮಗ್ಗ ನೋಡಿಕೊಳ್ಳುತ್ತಿದ್ದರು, ಅತ್ತೆ ಶಾರದಮ್ಮ ಕೂತಲ್ಲಿಂದಲೇ ಮಗ್ಗದ ಸದ್ದು ಕೇಳಿ ಎಲ್ಲಿ ನೂಲು ಹರಿಯಿತು ಎಂದು ಹೇಳುತ್ತಿದ್ದರು. ಕೆಲಸವಿಲ್ಲದೆ ಮನೆಯಲ್ಲಿ ಕೂರುವುದು ನನ್ನಿಂದ ಆಗಲಿಲ್ಲ. ಹದಿನೈದು ದಿನ ಪಾತ್ರೆಗಳ ಮೇಲೂ ಬಾಣ ಅಂಟಿಸುವವಳ ಹಾಗೆ ಎಲ್ಲದರಲ್ಲೂ ತಪ್ಪು ಹುಡುಕಿ ಎಲ್ಲರ ತಲೆ ತಿಂದೆ.

ಆಗ ಗಾರ್ಮೆಂಟ್ಸಿನ ಗೆಳತಿಯೊಬ್ಬಳು ಹೇಳಿದಳು, "ಬಸ್ ಸ್ಟಾಪ್ ಹಿಂದ್ಗಡೆ ಒಂದು ಶೆಡ್ ಇದೆ ಕಣೆ. ಅಪ್ಪ ಮಗಳು ಕೈಯಲ್ಲೇ ಲೆದರ್ ಬ್ಯಾಗ್ ಮಾಡ್ತಾರೆ. ಜನ ಬೇಕಂತೆ."

ಹೋದೆ. ಮಗಳ ಹೆಸರು ರೂಪಾ. ಡಿಸೈನ್ ಓದಿ ಬಂದವಳು. ಬ್ಯಾಗು, ಬೆಲ್ಟು, ಪರ್ಸುಗಳ ಫೋಟೊ ತೆಗೆದು ಫೋನಿನಲ್ಲೇ ಮಾರುತ್ತಿದ್ದಳು. ಅಪ್ಪ ಮುನಿಶಾಮಪ್ಪ. ಎಪ್ಪತ್ತು ದಾಟಿದ, ಸಣಕಲು ದೇಹದ, ದಪ್ಪ ಕನ್ನಡಕದ ಮನುಷ್ಯ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಾಲು ಸರಿಯಿಲ್ಲದವರಿಗೆ ಬೂಟು, ಪಟ್ಟಿ ಹೊಲಿದುಕೊಡುವ ಕೆಲಸ ಇಪ್ಪತ್ತು ವರ್ಷ ಮಾಡಿ ನಿವೃತ್ತರಾಗಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು.

"ಏನು ಬರುತ್ತಮ್ಮಾ ನಿಂಗೆ?" ಅಂತ ಕೇಳಿದರು.

"ತಪ್ಪು ಕಂಡುಹಿಡಿಯೋದು ಬರುತ್ತೆ."

ಅವರು ನಕ್ಕರು. ಕಾಲ ಬಳಿಯಿದ್ದ ಒಂದು ಗೋಣಿಚೀಲವನ್ನು ನನ್ನ ಮುಂದೆ ಸುರಿದರು. ಹೊಸದಾಗಿ ಕಲಿಯುತ್ತಿದ್ದ ಹೆಣ್ಣುಮಕ್ಕಳು ಕೆಡಿಸಿದ ಪರ್ಸು, ಪಟ್ಟಿ, ಬ್ಯಾಗಿನ ಹಿಡಿಗಳು. "ಕಂಡುಹಿಡಿ. ಆಮೇಲೆ ಅದನ್ನ ಸರಿನೂ ಮಾಡು" ಅಂದರು.

ಹಾಗೆ ನನ್ನ ಕೆಲಸ ಶುರುವಾಯಿತು. ಬಟ್ಟೆಯಲ್ಲಿ ಸೂಜಿ ತಪ್ಪಿದರೆ ಎಳೆದು ತೆಗೆದರಾಯಿತು, ತೂತು ತಾನೇ ಮುಚ್ಚಿಕೊಳ್ಳುತ್ತದೆ. ಚರ್ಮ ಹಾಗಲ್ಲ. ಒಮ್ಮೆ ಚುಚ್ಚಿದ್ದು ಹಾಗೇ ಉಳಿಯುತ್ತದೆ. ಆದರೂ ದಾರಿಗಳಿದ್ದವು. ಹೊಲಿಗೆ ಸಾಲು ತಪ್ಪಿದ್ದರೆ ಒಂದೊಂದೇ ದಾರ ಕತ್ತರಿಸಿ ಬಿಚ್ಚಿ, ತೂತುಗಳಿಗೆ ಒದ್ದೆ ಸ್ಪಂಜು ಒತ್ತಿ, ಹಿಂದಿನಿಂದ ಚಮಚದ ಬೆನ್ನಲ್ಲಿ ಉಜ್ಜಿದರೆ ಅವು ಮುಕ್ಕಾಲು ಪಾಲು ಕೂಡಿಕೊಳ್ಳುತ್ತಿದ್ದವು. ಉಳಿದ ಕಾಲು ಭಾಗಕ್ಕೆ ಅದೇ ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಿದ್ದೆವು. ಅಂಟು ಮೇಲೆ ಬಿದ್ದು ಒಣಗಿದ್ದರೆ ಒಣ ಅಂಟಿನ ಉಂಡೆಯಿಂದಲೇ ಅದನ್ನು ಉಜ್ಜಿ ಎತ್ತಬೇಕು. ಉಗುರು ಗೀರಿದ್ದರೆ ಹೆಬ್ಬೆರಳಿಗೆ ಒಂದು ತೊಟ್ಟು ಎಣ್ಣೆ ಹಚ್ಚಿಕೊಂಡು, ಬೆರಳಿನ ಬಿಸಿಯಲ್ಲೇ ತಿಕ್ಕುತ್ತಾ ಕೂರಬೇಕು. ಬಣ್ಣ ಒಂದು ಕಡೆ ಕಪ್ಪಾಗಿಬಿಟ್ಟಿದ್ದರೆ ಅದನ್ನು ತೆಗೆಯಲು ಬರುವುದಿಲ್ಲ, ಉಳಿದದ್ದನ್ನೂ ಅಷ್ಟೇ ಕಪ್ಪು ಮಾಡಬೇಕು. ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಮಳೆಗೆ ಚರ್ಮ ಬೂಸ್ಟು ಹಿಡಿಯದಂತೆ ಬೆಳಿಗ್ಗೆ ಬಂದ ಕೂಡಲೇ ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ಹರವುವುದು, ಸಂಜೆ ಮತ್ತೆ ಸುತ್ತಿಡುವುದು. ಮೊದಲ ವಾರ ಬೆರಳ ತುದಿಗಳೆಲ್ಲ ಉರಿದವು. ಎರಡನೇ ವಾರ ನನ್ನ ಕೈಯಿಂದ ಮೊದಲ ಪರ್ಸು ಸರಿಯಾಗಿ ಎದ್ದು ಬಂತು. ಅದನ್ನು ನೋಡಿ ನನಗಾದ ಸಂತೋಷ ಹನ್ನೊಂದು ವರ್ಷದಲ್ಲಿ ಒಂದು ಅಂಗಿಯೂ ಕೊಟ್ಟಿರಲಿಲ್ಲ.

ಮನೆಯಲ್ಲಿ ಬೇರೆಯೇ ಕಥೆ. ಅತ್ತೆಗೆ ವಿಷಯ ಗೊತ್ತಾದ ದಿನ ಅವರು ಕೂಗಾಡಲಿಲ್ಲ. "ನೂಲು ಹಿಡಿಯೋ ಕೈಯಮ್ಮಾ ಇದು. ದೇವ್ರಿಗೆ ಸೀರೆ ಕೊಡೋ ಮನೆ" ಅಂದರು, ಅಷ್ಟೆ. ಮಾರನೇ ದಿನದಿಂದ ಹಿತ್ತಿಲ ನಲ್ಲಿಯ ಹತ್ತಿರ ನನಗೊಂದು ಬಕೆಟ್ ಬಿಸಿನೀರು, ಒಂದು ಜೊತೆ ಬಟ್ಟೆ ಇಟ್ಟಿರುತ್ತಿದ್ದರು. ಸ್ನಾನ ಮಾಡಿಯೇ ಒಳಗೆ ಬರಬೇಕು. ಬ್ಯಾಗು, ಚಪ್ಪಲಿ ಹೊರಗೆ. ದೇವರ ದೀಪ ಹಚ್ಚುವ ಕೆಲಸವನ್ನು ನನ್ನಿಂದ ತೆಗೆದುಕೊಂಡರು. ನನಗೆ ನೋವಾಯಿತು, ಆದರೆ ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಮೇಷ್ಟ್ರು ಒಂದು ದಿನ, "ಮನೇಲಿ ಏನೂ ಅನ್ನಲ್ವಾ?" ಎಂದು ಕೇಳಿದಾಗ.

"ಏನೂ ಇಲ್ಲ ಮೇಷ್ಟ್ರೇ" ಅಂದೆ.

ಅವರು ನನ್ನ ಮುಖ ನೋಡಿ, ತಮ್ಮ ತಾತನ ವಿಷಯ ಹೇಳಿದರು. ಬಾವಿಯಿಂದ ಎತ್ತುಗಳು ನೀರೆತ್ತುವ ಕಪಿಲೆಗೆ ದೊಡ್ಡ ಚರ್ಮದ ಚೀಲ ಬೇಕಲ್ಲ, ಅದನ್ನು ಆ ತಾತ ಸುತ್ತಲ ಎಷ್ಟೋ ಊರುಗಳಿಗೆ ಹೊಲಿದುಕೊಡುತ್ತಿದ್ದರಂತೆ. "ಊರಿನ ತೋಟಕ್ಕೆಲ್ಲಾ ನಮ್ಮಜ್ಜನ ಚೀಲದ್ದೇ ನೀರು. ಅದೇ ಬಾವೀಲಿ ನಮ್ಮಜ್ಜಿ ಬಿಂದಿಗೆ ಇಳಿಸೋ ಹಾಗಿರ್ಲಿಲ್ಲ." ಸಿಟ್ಟಿಲ್ಲದೆ ಹೇಳಿದರು. ಹೇಳಿ ಮತ್ತೆ ದಾರಕ್ಕೆ ಮೇಣ ಉಜ್ಜತೊಡಗಿದರು. ಅವತ್ತು ಸಂಜೆ ಹಿತ್ತಿಲ ಬಕೆಟ್ಟಿನ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು ಮಗ್ಗಗಳಿಗೆ ಬಿಡುವೇ ಇರುವುದಿಲ್ಲ. ಹಬ್ಬಕ್ಕೆ ಇನ್ನು ಐದು ದಿನ ಇರುವಾಗ ಒಂದು ಮಗ್ಗ ಫಟ್ಟನೆ ನಿಂತಿತು. ಲಾಳಿಯನ್ನು ಅತ್ತಿಂದಿತ್ತ ಹೊಡೆಯುವ ಕೋಲಿಗೆ ಒಂದು ಪಟ್ಟಿ ಕಟ್ಟಿರುತ್ತಾರೆ, ಅದು ಹರಿದಿತ್ತು. ಅಂಗಡಿಯಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ ನಾರಿನ ಪಟ್ಟಿ. ನಮ್ಮ ಹಳೇ ಮಗ್ಗಕ್ಕೆ ಅದು ಹೊಂದದೆ ಎರಡೇ ಗಂಟೆಯಲ್ಲಿ ಜಾರಿಹೋಯಿತು. ಶ್ರೀಧರ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಮಾರನೇ ದಿನ ಶೆಡ್ಡಿನಿಂದ ಒಂದು ತುಂಡು ಎಮ್ಮೆ ಚರ್ಮ ಕೇಳಿಕೊಂಡು ಬಂದೆ. ಅಳತೆ ಹಿಡಿದು ಕತ್ತರಿಸಿ ಕಟ್ಟಿದೆ. ಮಗ್ಗ ಓಡಿತು, ಅರ್ಧ ಗಂಟೆಯಲ್ಲಿ ಪಟ್ಟಿ ಎಳೆದುಕೊಂಡು ಸಡಿಲವಾಗಿ ಲಾಳಿ ಮಧ್ಯದಲ್ಲೇ ನಿಂತಿತು. ಫೋನ್ ಮಾಡಿದರೆ ಮೇಷ್ಟ್ರು, "ಹೊಟ್ಟೆ ಭಾಗದ್ದು ಕುಯ್ದಿದ್ದೀಯ ಅನ್ಸುತ್ತೆ. ಅದು ಹಿಗ್ಗುತ್ತೆ. ಬೆನ್ನಿನ ಕಡೆಯಿಂದ ಉದ್ದುದ್ದ ತಗೋ" ಅಂದರು. ಉಳಿದಿದ್ದ ತುಂಡಿನಲ್ಲಿ ಬೆನ್ನಿನ ಭಾಗವನ್ನು ಬೆರಳಲ್ಲಿ ಎಳೆದೆಳೆದು ಗುರುತಿಸಿ ಇನ್ನೊಂದು ಪಟ್ಟಿ ಮಾಡಿದೆ. ಈ ಸಲ ಮಗ್ಗ ನಿಲ್ಲಲಿಲ್ಲ.

ಅತ್ತೆ ಬಾಗಿಲಿಗೆ ಒರಗಿ ಎಲ್ಲಾ ನೋಡುತ್ತಿದ್ದರು. ಹತ್ತಿರ ಬಂದು ಕಿತ್ತುಹಾಕಿದ್ದ ಹಳೇ ಪಟ್ಟಿಯನ್ನು ಕೈಗೆತ್ತಿಕೊಂಡರು. ಅದರ ಮೇಲೆ ಹಿಂದಿನ ಆಯುಧಪೂಜೆಗೆ ಅವರೇ ಇಟ್ಟ ಕುಂಕುಮ ಇನ್ನೂ ಕಪ್ಪಗೆ ಮೆತ್ತಿಕೊಂಡಿತ್ತು.

"ಇದೂ ಅದೇನಾ?" ಅಂದರು.

"ಯಾವಾಗ್ಲೂ ಅದೇ ಅತ್ತೆ."

ಅವರು ಆ ಪಟ್ಟಿಯನ್ನು ಗೂಡಿನ ಮೇಲಿಟ್ಟು ಒಳಗೆ ಹೋದರು. ಹಬ್ಬದ ದಿನ ದೀಪವನ್ನು ಅವರೇ ಹಚ್ಚಿದರು. ಆದರೆ ಅದರ ಮುಂದಿನ ವಾರ ಬಿಸಿನೀರಿನ ಬಕೆಟ್ ಹಿತ್ತಿಲಲ್ಲಿ ಇರಲಿಲ್ಲ. ಹುಡುಕಿಕೊಂಡು ಒಳಗೆ ಹೋದರೆ ಬಚ್ಚಲಲ್ಲಿತ್ತು. ಅವರು ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ಮಳೇಲಿ ಎಷ್ಟೂಂತ ಹೊರಗೆ ನೆನೀತೀಯಾ" ಅಂದರು.

ಆ ವರ್ಷ ನನ್ನ ಕೈಯಿಂದ ಆದ ದೊಡ್ಡ ತಪ್ಪು ಗಣೇಶನ ಹಬ್ಬ ಕಳೆದ ಮೇಲೆ ಆಯಿತು.

ನಲ್ಲೂರಿನ ಕಡೆಯ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಪವಿತ್ರಾ, ಹತ್ತೊಂಬತ್ತು ವರ್ಷ. ಬೈಕಿನಿಂದ ಬಿದ್ದು ಬಲಗಾಲಿನ ನರಕ್ಕೆ ಪೆಟ್ಟಾಗಿತ್ತು, ಪಾದ ಎತ್ತಲು ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಪ್ಲಾಸ್ಟಿಕ್ ಪಟ್ಟಿ ಬೆವರಿಗೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಅದಕ್ಕೇ ಪಾದ ಎತ್ತಿ ಹಿಡಿಯುವ ಕಬ್ಬಿಣದ ಕಂಬಿಗಳಿಗೆ ಚರ್ಮದ ಪಟ್ಟಿ ಹೊಲಿಸಲು ಯಾರೋ ಮೇಷ್ಟ್ರ ಹೆಸರು ಹೇಳಿದ್ದರು. ಮೊಣಕಾಲ ಕೆಳಗಿನಿಂದ ಹಿಮ್ಮಡಿಯವರೆಗೆ ಕಾಲನ್ನು ಸುತ್ತಿ, ಮುಂದೆ ಲೇಸು ಕಟ್ಟುವಂಥದ್ದು. ಒಂದು ವರ್ಷದ ಓದು ಆಗಲೇ ಹಾಳಾಗಿತ್ತು. ಸೋಮವಾರ ಡಿಗ್ರಿ ಕಾಲೇಜು ಶುರು.

"ಈ ಸಲ ಹೋಗ್ಲೇಬೇಕು ತಾತ" ಅಂತ ಅವಳು ಮೇಷ್ಟ್ರಿಗೆ ಹೇಳಿದಳು. "ಅಪ್ಪನ ಕೈ ಹಿಡ್ಕೊಂಡಲ್ಲ. ಬಸ್ಸಲ್ಲಿ ನಾನೇ ಹೋಗ್ತೀನಿ."

ಮೇಷ್ಟ್ರು ಕಾಲಿನ ಅಳತೆ ತೆಗೆದು, ರಟ್ಟಿನಲ್ಲಿ ನಮೂನೆ ಕತ್ತರಿಸಿದರು. ತಮಿಳುನಾಡಿನಿಂದ ತರಿಸಿ ಜೋಪಾನವಾಗಿ ಎತ್ತಿಟ್ಟಿದ್ದ ಒಂದೇ ಒಂದು ಮೆದು ಚರ್ಮವನ್ನು ನನ್ನ ಮುಂದೆ ಹಾಸಿದರು. ಅವರ ಕೈ ಆಗಲೇ ಸ್ವಲ್ಪ ನಡುಗುತ್ತಿತ್ತು. "ನೀನೇ ಕುಯ್ಯಮ್ಮಾ. ನಿನ್ನ ಕೈ ಈಗ ಪಳಗಿದೆ" ಅಂದರು.

ಚರ್ಮಕ್ಕೆ ಎರಡು ಮುಖ. ನುಣುಪಾದದ್ದು ಒಂದು, ಒರಟಾದದ್ದು ಒಂದು. ಪವಿತ್ರಾಳ ಮೈಗೆ ನುಣುಪು ಭಾಗವೇ ತಾಗಬೇಕಿತ್ತು. ನಾನು ನಮೂನೆಯನ್ನು ಮಗುಚಿ ಇಟ್ಟುಬಿಟ್ಟೆ. ಗೆರೆ ಎಳೆದೆ, ಕುಯ್ದೆ, ಎತ್ತಿ ಹಿಡಿದು ನೋಡಿದೆ. ಅದು ಎಡಗಾಲಿನದ್ದಾಗಿತ್ತು. ಪಾದದ ಕೀಲಿನ ಎರಡು ಗಂಟುಗಳಿಗೆ ಬಿಟ್ಟ ಕೊರೆತಗಳು ಒಳಗಿನದು ಹೊರಗೆ, ಹೊರಗಿನದು ಒಳಗೆ. ತಿರುಗಿಸಿ ಹಾಕಿದರೆ ಒರಟು ಭಾಗ ಹುಣ್ಣಿಗೆ ತಾಗುತ್ತದೆ.

ಶುಕ್ರವಾರ ಸಾಯಂಕಾಲ. ಮೇಷ್ಟ್ರು ಟೀ ಕುಡಿಯಲು ಹೊರಗೆ ಹೋಗಿದ್ದರು. ಆ ತುಂಡನ್ನು ಮಡಚಿ ಚೂರುಗಳ ಚೀಲದ ತಳಕ್ಕೆ ತುರುಕಿದೆ. ಅವರು ಬಂದಾಗ "ನಾಳೆ ಬೆಳಿಗ್ಗೆ ಕುಯ್ತೀನಿ ಮೇಷ್ಟ್ರೇ, ಬೆಳಕು ಸಾಲ್ತಿಲ್ಲ" ಅಂದೆ. ಬಸ್ಸಿನಲ್ಲಿ ಕೂತು, ಬೆಳಿಗ್ಗೆ ಹೋದ ತಕ್ಷಣ ಹೇಳಿಬಿಡಬೇಕು ಎಂದು ಹತ್ತು ಸಲ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ.

ಹೋದಾಗ ಮೇಷ್ಟ್ರು ನನಗಿಂತ ಮುಂಚೆ ಬಂದಿದ್ದರು. ಏನೋ ಸಣ್ಣ ಚೂರು ಬೇಕೆಂದು ಚೀಲ ತಡಕಿದ್ದಾರೆ. ನನ್ನ ತುಂಡು ಮೇಜಿನ ಮೇಲೆ ಹರವಿಕೊಂಡಿತ್ತು.

"ಹೇಳೋಣ ಅಂತಲೇ ಬಂದೆ ಮೇಷ್ಟ್ರೇ" ಅಂದೆ. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

"ಹನ್ನೊಂದು ವರ್ಷ ಬೇರೆಯೋರ ತಪ್ಪಿಗೆ ಬಾಣ ಅಂಟಿಸ್ದೆ. ನಿಂದಕ್ಕೆ ಯಾಕಮ್ಮಾ ಅಂಟಿಸ್ಲಿಲ್ಲ?" ಅವರ ದನಿ ಏರಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ಚರ್ಮ ಹೋದ್ರೆ ಹೋಗ್ಲಿ. ನೆನ್ನೇನೇ ಹೇಳಿದ್ರೆ ಒಂದು ಸಂಜೆ ಸಿಕ್ತಿತ್ತು ನಂಗೆ. ಆ ಮಗು ಸೋಮವಾರ ಹೋಗ್ಬೇಕು ಅಂದಿದ್ದು ನೀನೂ ಕೇಳಿಸ್ಕೊಂಡೆ ತಾನೆ?"

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಆಮೇಲೆ ಒಂದು ಸೀಮೆಸುಣ್ಣ ನನ್ನ ಮುಂದಿಟ್ಟು, "ಎಲ್ಲಿಂದ ತಪ್ಪಿದೆ, ಅಲ್ಲಿಗೆ ಗೆರೆ ಎಳಿ" ಅಂದರು.

ಕಣ್ಣೊರೆಸಿಕೊಂಡು ಸರಿಯಾಗಿ ನೋಡಿದೆ. ಅಲ್ಲಿಯವರೆಗೆ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ, ಹೆದರಿ ಮಡಚಿದ್ದೆ ಅಷ್ಟೆ. ಮೀನಖಂಡವನ್ನು ಸುತ್ತುವ ಮೇಲಿನ ಭಾಗ ಎರಡೂ ಕಡೆ ಒಂದೇ ಅಳತೆ. ಅದು ಯಾವ ಕಾಲಿಗಾದರೂ ಆಗುತ್ತಿತ್ತು. ತಪ್ಪಿದ್ದು ಕೆಳಗಿನ ಮೂರನೇ ಒಂದು ಭಾಗ ಮಾತ್ರ. ಅದನ್ನು ತೆಗೆದು, ಉಳಿದ ಚರ್ಮದಲ್ಲಿ ಹೊಸ ಕೆಳಭಾಗ ಕುಯ್ದು ಜೋಡಿಸಬಹುದಿತ್ತು. ಆದರೆ ಜೋಡಣೆಯ ಉಬ್ಬು ಕಾಲಿಗೆ ಒತ್ತಿದರೆ ಮತ್ತೆ ಹುಣ್ಣು.

"ಜೀನ್ಸ್ ಪ್ಯಾಂಟಿನ ಪಕ್ಕದ ಹೊಲಿಗೆ ನೋಡಿದ್ದೀರಾ ಮೇಷ್ಟ್ರೇ?" ಅಂದೆ ಮೆಲ್ಲಗೆ. "ಒಳಗೆ ಅಂಚೇ ಸಿಗಲ್ಲ. ಒಂದ್ರ ಮೇಲೊಂದು ಕೂತು, ಹೊರಗಡೆ ಎರಡು ಸಾಲು ಹೊಲಿಗೆ."

"ಚರ್ಮ ಅಷ್ಟು ಮಡಚಿದ್ರೆ ದಪ್ಪ ಆಗುತ್ತೆ."

"ಮಡಚೋದು ಬೇಡ. ಎರಡೂ ಅಂಚನ್ನ ಕಾಗದದ ಥರ ತೆಳು ಮಾಡಿ ಒಂದ್ರ ಮೇಲೊಂದು ಕೂರಿಸೋಣ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚರ್ಮ ಸವರುವ ಅಗಲ ಬಾಯಿಯ ರಂಪಿಗೆಯನ್ನು ಮಸೆಯುವ ಕಲ್ಲಿನ ಮೇಲೆ ಎಳೆಯತೊಡಗಿದರು. ಒಪ್ಪಿದ್ದಾರೆ ಎಂದು ಗೊತ್ತಾಯಿತು.

ಮಧ್ಯಾಹ್ನದವರೆಗೆ ಬರೀ ಚೂರುಗಳ ಮೇಲೆ ಅಭ್ಯಾಸ ಮಾಡಿದೆ. ರಂಪಿಗೆ ಒಂದು ಕೂದಲೆಳೆ ಹೆಚ್ಚು ಇಳಿದರೂ ಅಂಚು ಹರಿಯುತ್ತಿತ್ತು. ಮೂರು ಚೂರು ಹರಿದವು, ನಾಲ್ಕನೆಯದು ನಿಂತಿತು, ಐದನೆಯದು ಮತ್ತೆ ಹರಿಯಿತು. "ಉಸಿರು ಬಿಡ್ತಾ ತಳ್ಳು, ಹಿಡ್ಕೊಂಡು ತಳ್ಬೇಡ" ಅನ್ನುತ್ತಿದ್ದರು ಮೇಷ್ಟ್ರು. ಮೂರು ಗಂಟೆಗೆ ನಿಜವಾದ ತುಂಡಿಗೆ ಕೈಹಾಕಿದೆ. ಅಂಚು ಎಲೆಯ ಹಾಗೆ ತೆಳುವಾಗಿ ಸುರುಳಿ ಸುರುಳಿಯಾಗಿ ಎದ್ದು ಬಂತು. ಅವರು ಅಂಟು ಹಚ್ಚಿ ಕೂರಿಸಿದರು, ನಾನು ಎರಡು ಸೂಜಿ ಹಿಡಿದು ಎರಡು ಸಾಲು ಹೊಲಿದೆ. ರೂಪಾ ಕಣ್ಣು ಮುಚ್ಚಿಕೊಂಡು ಒಳಭಾಗದ ಮೇಲೆ ಬೆರಳಾಡಿಸಿ, "ಎಲ್ಲಿದೆ ಜೋಡಣೆ? ಸಿಗ್ತಾನೇ ಇಲ್ಲ" ಅಂದಳು.

ಭಾನುವಾರ ಪವಿತ್ರಾ ಬಂದಳು. ಕಟ್ಟುವ ಮೊದಲು ಮೇಷ್ಟ್ರು ನನ್ನ ಕಡೆ ನೋಡಿ, "ಹೇಳು" ಅಂದರು. ತಪ್ಪಾಗಿ ಕುಯ್ದದ್ದನ್ನು, ಬಚ್ಚಿಟ್ಟದ್ದನ್ನು, ಜೋಡಿಸಿದ್ದನ್ನು ಅವಳಿಗೂ ಅವಳ ಅಪ್ಪನಿಗೂ ಹೇಳಿದೆ. ಅಪ್ಪ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ತಡೆಯುತ್ತೇನಮ್ಮಾ?" ಎಂದಷ್ಟೇ ಕೇಳಿದರು. ಪವಿತ್ರಾ ಲೇಸು ಬಿಗಿದುಕೊಂಡು ಎದ್ದಳು. ಶೆಡ್ಡಿನ ಬಾಗಿಲಿನಿಂದ ರಸ್ತೆಯ ಹೊಂಗೆಮರದವರೆಗೆ ಹೋದಳು. ಅಪ್ಪ ಹಿಂದೆಯೇ ಹೊರಟವರು ಅವಳು ಕೈ ಅಡ್ಡ ಮಾಡಿದ್ದಕ್ಕೆ ನಿಂತರು. ಮರ ಮುಟ್ಟಿ, ತಿರುಗಿ, ಒದ್ದೆ ನೆಲದಲ್ಲಿ ಪಾದ ಎತ್ತಿ ಎತ್ತಿ ಇಡುತ್ತಾ ಬಂದಳು.

"ಚುಚ್ಚಲ್ಲ ಅಕ್ಕ" ಅಂದಳು. ಆಮೇಲೆ ಬಗ್ಗಿ ನೋಡಿ, "ಈ ಡಬಲ್ ಸ್ಟಿಚ್ ಸಖತ್ತಾಗಿದೆ. ಮೇಲೂ ಒಂದು ಹಾಕ್ಕೊಡಿ, ಡಿಸೈನ್ ಅನ್ಸುತ್ತೆ."

ಮೇಷ್ಟ್ರು ಜೋರಾಗಿ ನಕ್ಕರು. ಎರಡು ದಿನದ ಮೇಲೆ ಅವರ ನಗು ಕೇಳಿ ನನಗೆ ಮತ್ತೆ ಅಳು ಬಂತು. ಮುಂದಿನ ವಾರ ಲೇಸು ತೂರಿಸುವ ಕಣ್ಣೊಂದು ಪಾದದ ಮೇಲ್ಭಾಗಕ್ಕೆ ಉಜ್ಜುತ್ತಿದೆಯೆಂದು ಅವಳು ವಾಪಸ್ ಬಂದಳು. ಕಾಲೇಜಿನಿಂದ ನೇರವಾಗಿ, ಬಸ್ಸಿನಲ್ಲಿ, ಒಬ್ಬಳೇ. ಆ ಕಣ್ಣನ್ನು ಕಿತ್ತು ಅರ್ಧ ಇಂಚು ಮೇಲಕ್ಕೆ ಕೂರಿಸಿಕೊಟ್ಟೆ.

ಮಳೆಗಾಲ ಮುಗಿದು ದಸರೆ ಕಳೆಯಿತು. ಚಳಿ ಶುರುವಾಗುತ್ತಿದ್ದಂತೆ ಅತ್ತೆಗೆ ಹಿಮ್ಮಡಿ ನೋವು ಹೆಚ್ಚಾಯಿತು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದುಕೊಂಡೇ ನಡೆಯಬೇಕು. ಮೆತ್ತನೆಯ ಚಪ್ಪಲಿಗಳೆಲ್ಲ ತಂದು ನೋಡಿದ್ದಾಯಿತು. ನಾನು ಶೆಡ್ಡಿನ ವಿಷಯ ಎತ್ತಲಿಲ್ಲ. ಒಂದು ದಿನ ನಾನು ಹೊರಡುವಾಗ ಅವರೇ ಸೀರೆ ಬದಲಾಯಿಸಿ ಜಗುಲಿಯ ಮೇಲೆ ನಿಂತಿದ್ದರು. "ನಿಮ್ಮ ಮೇಷ್ಟ್ರು ಕಾಲು ನೋಡ್ತಾರಂತಲ್ಲ" ಅಂದರು.

ಶೆಡ್ಡಿನೊಳಗೆ ಬಂದವರು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಬೆಂಚಿನ ತುದಿಯಲ್ಲಿ ಕೂತರು. ಮೇಷ್ಟ್ರು ನೆಲದ ಮೇಲೆ ಕಾಗದ ಹಾಸಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವರ ಪಾದಕ್ಕೆ ಕೈ ಚಾಚಿದರು. ಅತ್ತೆ ತಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಅಲ್ಲ..." ಅಂದರು ಅತ್ತೆ. ಮುಖ ಕೆಂಪಾಗಿತ್ತು. "ನನಗಿಂತ ದೊಡ್ಡೋರು ನೀವು. ನಿಮ್ಮ ಕೈಯಲ್ಲಿ ಕಾಲು ಮುಟ್ಟಿಸ್ಕೊಳ್ಳೋದು ಹ್ಯಾಗೆ?"

ಮೇಷ್ಟ್ರು ಚಾಚಿದ ಕೈ ತೆಗೆಯಲಿಲ್ಲ. "ಮುಟ್ಟದೆ ಅಳತೆ ಸಿಗಲ್ಲಮ್ಮಾ" ಅಂದರು.

ಅತ್ತೆ ನಿಧಾನವಾಗಿ ಕಾಲು ಮುಂದಿಟ್ಟರು. ಮೇಷ್ಟ್ರು ಪಾದವನ್ನು ಅಂಗೈಯಲ್ಲಿ ಎತ್ತಿ, ನೋವಿರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹುಡುಕಿ, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು.

ಹಿಮ್ಮಡಿ ಕೂರಲು ಕುಳಿ ಬಿಟ್ಟ ಆ ಚಪ್ಪಲಿ ಹೊಲಿದವಳು ನಾನು. ನಾಲ್ಕು ದಿನದ ನಂತರ ಮನೆಗೆ ತಂದುಕೊಟ್ಟೆ. ಅವರು ಹಾಕಿಕೊಂಡು ಎರಡು ಸುತ್ತು ನಡೆದರು. ಮಾರನೇ ದಿನ ಮಧ್ಯಾಹ್ನ, ಶೆಡ್ಡಿನಲ್ಲಿ ನಾವೆಲ್ಲ ಕೆಲಸದಲ್ಲಿದ್ದಾಗ, ಅತ್ತೆ ಒಬ್ಬರೇ ಆಟೋದಿಂದ ಇಳಿದು ಒಳಗೆ ಬಂದರು. ಎಡಗಾಲಿನ ಚಪ್ಪಲಿಯನ್ನು ಕಳಚಿ ನನ್ನ ಮೇಜಿನ ಮೇಲೆ ಇಟ್ಟರು.

"ಬಲಗಡೇದು ಹೂವಿನ ಹಾಗಿದೆ. ಎಡಗಡೇದು ಬಿಗಿ ಮಾಡಿದ್ದೀಯ ಕಣಮ್ಮಾ. ಬಿಚ್ಚಿ ಸರಿಯಾಗಿ ಹೊಲಿ."

"ಸಂಜೆ ಮನೆಗೆ ತರ್ತಿದ್ದೆನಲ್ಲ ಅತ್ತೆ."

"ಯಾಕೆ? ಕೂತಿರ್ತೀನಿ" ಅಂದರು. ಒಂದು ಸ್ಟೂಲ್ ಎಳೆದುಕೊಂಡು ನನ್ನ ಎದುರಿಗೇ ಕೂತರು. ರೂಪಾ ಹಿಂಜರಿಯುತ್ತಲೇ ಒಂದು ಲೋಟ ಟೀ ತಂದು ಅವರ ಪಕ್ಕದಲ್ಲಿಟ್ಟು ಸರಿದು ನಿಂತಳು. ನಾನು ತಲೆ ತಗ್ಗಿಸಿ ದಾರ ಬಿಚ್ಚತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಟೀ ಗುಟುಕರಿಸಿದ ಸದ್ದು ಕೇಳಿಸಿತು. ಆಮೇಲೆ ಅತ್ತೆಯ ದನಿ.

"ಸಕ್ಕರೆ ಇನ್ನೊಂಚೂರು ಇದ್ರೆ ಹಾಕಮ್ಮಾ."